ಒಂದು ಬದಿ ಮಸುಕಾದ ಬನ್ನಿ

ನಮ್ಮ ಮನೆಗೆ ಮೊದಲ ಸಲ ಬಂದವರು ಹೊಸ್ತಿಲ ಬಳಿಯೇ ನಿಂತು ಮೂಗು ಅರಳಿಸುತ್ತಿದ್ದರು. ಒಲೆಯ ಮೇಲೆ ಏನೋ ಸೀದಿದೆ ಎಂದುಕೊಳ್ಳುತ್ತಿದ್ದರು. ಏನೂ ಸೀದಿರುತ್ತಿರಲಿಲ್ಲ, ಅದು ನಮ್ಮ ಮನೆಯ ವಾಸನೆ. ಅಪ್ಪ, ದೊಡ್ಡಪ್ಪ ಇಬ್ಬರೂ ಪೀಣ್ಯದ ಒಂದು ರಬ್ಬರ್ ಕಾರ್ಖಾನೆಯಲ್ಲಿದ್ದರು; ಯಂತ್ರಗಳಿಗೆ ಬೇಕಾಗುವ ವಾಷರು, ಬುಷ್ಷು ಮಾಡುವ ಕಾರ್ಖಾನೆ. ಬಿಸಿ ರಬ್ಬರಿನ ವಾಸನೆ ಅವರ ಅಂಗಿ, ಕೂದಲು, ಊಟದ ಡಬ್ಬಿ ಎಲ್ಲಕ್ಕೂ ಹತ್ತಿಕೊಂಡು ಮನೆಗೆ ಬರುತ್ತಿತ್ತು. ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತರೂ ಹೋಗುತ್ತಿರಲಿಲ್ಲ. ಅದರ ಜೊತೆಗೆ ಅವ್ವ ಬಡಿಯುವ ಜೋಳದ ರೊಟ್ಟಿಯ ವಾಸನೆ ಸೇರಿದರೆ ನನ್ನ ಬಾಲ್ಯ ಪೂರ್ತಿಯಾಯಿತು. ಇವತ್ತಿಗೂ ಪಂಕ್ಚರ್ ಅಂಗಡಿಯ ಮುಂದೆ ಹಾದುಹೋದರೆ ನನಗೆ ಹಸಿವಾಗುತ್ತದೆ. ನಗುವವರು ನಗಲಿ.

ಮನೆ ಇದ್ದದ್ದು ರಾಜಗೋಪಾಲನಗರದಲ್ಲಿ, ಹನುಮಕ್ಕನ ಸಾಲುಮನೆಗಳಲ್ಲಿ ಕೊನೆಯದು. ಹನುಮಕ್ಕ ನಮ್ಮ ಓನರು. ಆಕೆಯ ಮಾವನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶೀಟು ಹೊದಿಸಿದ ಮನೆಗಳು ಬೆಳೆದಿದ್ದವು, ಅದರಲ್ಲಿ ನಾವು ರಾಣೆಬೆನ್ನೂರು ಕಡೆಯಿಂದ ಬಂದು ಬೇರುಬಿಟ್ಟಿದ್ದೆವು. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದುಗಡೆ ಬಚ್ಚಲು. ನಡುಮನೆಯ ಕಿಟಕಿಗೆ ಒಂದು ಮೊಳ ಅಗಲದ ಸಿಮೆಂಟಿನ ಕಟ್ಟೆ. ಕಿಟಕಿಯ ಕೆಳಗೆ ದೊಡ್ಡಪ್ಪನ ಕಬ್ಬಿಣದ ಮಂಚ. ದೊಡ್ಡಪ್ಪ ಮದುವೆಯಾಗಿರಲಿಲ್ಲ. ತಂದೆ-ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ತಾನೇ ಬೆಳೆಸಿ, ಬೆಂಗಳೂರಿಗೆ ಕರೆತಂದು, ತಾನಿದ್ದ ಕಾರ್ಖಾನೆಗೇ ಸೇರಿಸಿ, ಅವನ ಮದುವೆ ಮಾಡಿ, ಆಮೇಲೆ ತನ್ನ ಮದುವೆಯ ವಿಚಾರವನ್ನು ಮರೆತೇಬಿಟ್ಟಿದ್ದ. ಅಪ್ಪನದು ಅರಳು ಹುರಿದಂಥ ಮಾತು, ಮೂಗಿನ ತುದಿಯಲ್ಲಿ ಸಿಟ್ಟು. ದೊಡ್ಡಪ್ಪ ಮಾತಾಡಿದರೆ ಮುತ್ತು ಉದುರೀತು ಅನ್ನುವ ಹಾಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದ.

ಅವ್ವ ದೊಡ್ಡಪ್ಪನ ಜೊತೆ ಒಂದು ದಿನವೂ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಗಂಡನ ಅಣ್ಣ, ತಂದೆಯ ಸಮಾನ. ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೋ ನನಗೋ ಹೇಳುತ್ತಿದ್ದಳು.

"ನೀಲೀ, ನಿಮ್ಮ ದೊಡ್ಡಪ್ಪಗ ಕೇಳು, ಇನ್ನೊಂದು ರೊಟ್ಟಿ ಹಾಕ್ಲೇನು ಅಂತ."

"ನೀಲವ್ವಾ, ಸಾಕು ಅಂತ ಹೇಳವ್ವಾ."

ಇಬ್ಬರ ನಡುವೆ ಒಂದು ಮಾರು ದೂರ ಕೂಡ ಇರುತ್ತಿರಲಿಲ್ಲ. ನಾನು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತ ಪೋಸ್ಟ್‌ಮ್ಯಾನ್ ಕೆಲಸ ಮಾಡುತ್ತಿದ್ದೆ. ಆದರೆ ಅವರಿಬ್ಬರೂ ನನ್ನನ್ನು ಬಿಟ್ಟು ನಡೆಸುತ್ತಿದ್ದ ಮಾತುಕತೆ ಒಂದಿತ್ತು. ಅದು ಕಿಟಕಿಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ಕಾರ್ಖಾನೆಯಲ್ಲಿ ಶೀಟು ಕತ್ತರಿಸಿದಾಗ ಉಳಿದು ಕಸಕ್ಕೆ ಹೋಗುವ ರಬ್ಬರಿನ ತುಂಡನ್ನು ದೊಡ್ಡಪ್ಪ ಕೇಳಿ ತಂದು ಅಲ್ಲಿಟ್ಟು ಸುಮ್ಮನೆ ಮಲಗುತ್ತಿದ್ದ. ಮೊದಮೊದಲು ಅದು ನನ್ನ ಆಟಕ್ಕೆಂದು ಬಂದದ್ದು. ನಾನು ಅದನ್ನು ಚೌಕಾಬಾರದ ಕಾಯಿ ಮಾಡಿಕೊಂಡೆ. ಒಂದು ಮಧ್ಯಾಹ್ನ ಅವ್ವ ಅದರಲ್ಲಿ ಒಂದು ತುಂಡನ್ನು ಎತ್ತಿಕೊಂಡಳು.

ಆ ಮಧ್ಯಾಹ್ನವನ್ನು ನಾನು ಹೇಗೆ ಹೇಳಲಿ! ಅವ್ವ ಅಪ್ಪನ ಹಳೇ ಶೇವಿಂಗ್ ಬ್ಲೇಡನ್ನು ಎರಡು ತುಂಡು ಮಾಡಿ ಒಂದಕ್ಕೆ ಬಟ್ಟೆ ಸುತ್ತಿಕೊಂಡಳು. ಮುರಿದ ಛತ್ರಿಯ ಒಂದು ಕಡ್ಡಿಯನ್ನು ಬಚ್ಚಲ ಕಲ್ಲಿಗೆ ಉಜ್ಜಿ ಉಜ್ಜಿ ಚೂಪು ಮಾಡಿದಳು. ಛತ್ರಿ ಕಡ್ಡಿಗೆ ಒಳಗೆ ಸಣ್ಣ ಕಾಲುವೆ ಇರುತ್ತದಲ್ಲ, ರಬ್ಬರಿನ ಮೇಲೆ ಒತ್ತಿ ನೂಕಿದರೆ ಎಳೆಎಳೆಯಾಗಿ ಶಾವಿಗೆಯ ಹಾಗೆ ಎದ್ದು ಬರುತ್ತಿತ್ತು. ಇದನ್ನು ಆಕೆಗೆ ಯಾರು ಹೇಳಿಕೊಟ್ಟರೋ, ಆ ಶಿವನೇ ಬಲ್ಲ. ಡಬ್ಬಿಯ ಮುಚ್ಚಳದಲ್ಲಿ ಹಳೇ ಪಂಚೆಯ ತುಂಡನ್ನು ಮಡಿಸಿಟ್ಟು ನೇರಳೆ ಬಣ್ಣದ ಸ್ಟಾಂಪ್ ಇಂಕು ಸುರಿದಳು. ಯಾರದೋ ಲಗ್ನಪತ್ರಿಕೆಯ ಖಾಲಿ ಬದಿಯನ್ನು ಮೇಲೆ ಮಾಡಿ ನೆಲದ ಮೇಲಿಟ್ಟಳು. ರಬ್ಬರನ್ನು ಇಂಕಿಗೆ ಒತ್ತಿ, ಕಾಗದದ ಮೇಲಿಟ್ಟು, ಉಸಿರು ಹಿಡಿದು, ಅಂಗೈಯಿಂದ ಅದುಮಿದಳು. ನಾನೂ ಉಸಿರು ಹಿಡಿದೆ. ಎತ್ತುವಾಗ ತುಟಿ ಬಿಟ್ಟಂಥ ಒಂದು ಸಣ್ಣ ಸದ್ದಾಯಿತು. ಕಾಗದದ ಮೇಲೆ ಜೋಳದ ತೆನೆ ನಿಂತಿತ್ತು. ಕಾಳು ಕಾಳೂ ಬಿಡಿಬಿಡಿಯಾಗಿ, ಒಂದು ಗರಿ ಮಡಿಸಿಕೊಂಡು, ಗಾಳಿಗೆ ಸ್ವಲ್ಪ ವಾಲಿಕೊಂಡು! ಕಪ್ಪು ರಬ್ಬರಿನಲ್ಲಿ ನಾನು ನೋಡಿದ್ದು ಬರೀ ಗೀರುಗಳನ್ನು. ಅಷ್ಟರೊಳಗೆ ಒಂದು ಹೊಲ ಅಡಗಿ ಕೂತಿದೆ ಅಂತ ಯಾರಿಗೆ ಗೊತ್ತು? ಅವ್ವ ಇನ್ನೊಂದು ಸಲ ಒತ್ತಿದಳು, ಇನ್ನೊಂದು ತೆನೆ ಹುಟ್ಟಿತು. ಮತ್ತೆ ಒತ್ತಿದಳು, ಮತ್ತೆ. ನಾನು ಬಾಯಿ ತೆರೆದುಕೊಂಡೇ ಇದ್ದೆ. ಆವತ್ತು ನನ್ನ ಅವ್ವನನ್ನು ನೋಡಿ ನನಗೆ ಭಯವಾಯಿತು, ದೇವರನ್ನು ನೋಡಿದರೆ ಆಗಬಹುದಾದ ಭಯ. ಒಂದು ಪತ್ರಿಕೆಯನ್ನು ಆಕೆ ಕಿಟಕಿ ಕಟ್ಟೆಯ ಮೇಲೆ ಇಟ್ಟಳು. ಸಂಜೆ ಬಂದ ದೊಡ್ಡಪ್ಪ ಅದನ್ನು ಕೈಗೆತ್ತಿಕೊಂಡು, ಬಾಗಿಲ ಬೆಳಕಿಗೆ ಹೋಗಿ, ಬಹಳ ಹೊತ್ತು ನೋಡಿದ. ಮರುದಿನ ಕಟ್ಟೆಯ ಮೇಲೆ ದೊಡ್ಡ ತುಂಡು ಬಂತು, ಅಂಚು ನೀಟಾಗಿ ಕತ್ತರಿಸಿದ್ದು.

ಅಲ್ಲಿಂದ ನಮ್ಮ ಮನೆಯಲ್ಲಿ 'ಕಾರ್ಡ್ ಒತ್ತುವುದು' ಶುರುವಾಯಿತು. ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಕಾರ್ಡ್ ಒತ್ತುವುದು. ಗಿಳಿ ಬಂತು, ಮಾವಿನಕಾಯಿ ಬಂತು, ಹಣತೆ ಬಂತು. ಯುಗಾದಿಗೆ, ದೀಪಾವಳಿಗೆ, ಸಾಲುಮನೆಯ ಮಕ್ಕಳ ಹುಟ್ಟುಹಬ್ಬಕ್ಕೆ ಅವ್ವನ ಕಾರ್ಡು ಹೋಗುತ್ತಿತ್ತು. ಅಂಗಡಿಯಲ್ಲಿ ಮಿಂಚು ಹಚ್ಚಿದ ಗ್ರೀಟಿಂಗ್ ಕಾರ್ಡುಗಳು ತೂಗಾಡುತ್ತಿದ್ದ ಕಾಲ ಅದು. ಅವುಗಳ ಮುಂದೆ ನಮ್ಮವು ಮಂಕು. ಆದರೂ ಜನ ಅಂಗಡಿಯದನ್ನು ಮರೆತು ಇದನ್ನು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಹನುಮಕ್ಕನ ಮೊಮ್ಮಗನ ನಾಮಕರಣಕ್ಕೆ ಅವ್ವ ಹನುಮಕ್ಕನ ಕೋಳಿಯನ್ನೇ ಕೆತ್ತಿ ಒತ್ತಿಕೊಟ್ಟಾಗ ಆ ಹೆಂಗಸು ನಮ್ಮ ಬಾಗಿಲಲ್ಲಿ ಕುಣಿಯುವುದೊಂದು ಬಾಕಿ.

"ಅಯ್ಯೋ ನನ್ ಸಿವ್ನೇ, ಇದು ನಮ್ ಕೆಂಪಿ ಕಣವ್ವಾ! ಕತ್ತು ಕೊಂಕಿಸ್ಕಂಡು ನೋಡೋದು ನೋಡು, ಅಂಗೇ ಐತೆ! ಏನ್ ಕೈಯವ್ವಾ ನಿಂದು!"

ಕಾರ್ಡಿನ ಒಳಗೆ ಬರೆಯುವುದು ಮಾತ್ರ ನನ್ನ ಕೆಲಸ. ಅವ್ವನಿಗೆ ಓದಲು ಬರುತ್ತಿತ್ತು, ಆದರೆ ಬರೆಯುವುದೆಂದರೆ ಸಂಕೋಚ. 'ಚಿತ್ರ ನಂದು, ಅಕ್ಷರ ನಿಂದು' ಎಂದು ಪೆನ್ನು ಕೊಟ್ಟು ಎದುರಿಗೆ ಕೂರುತ್ತಿದ್ದಳು. ಏನು ಬರೆಯಬೇಕು ಎಂದರೆ ಹೇಳುತ್ತಿರಲಿಲ್ಲ. 'ಅವರ ಮುಖ ನೆನಸ್ಕೋ, ತಾನs ಬರತೈತಿ' ಎನ್ನುತ್ತಿದ್ದಳು. ಮುಂದೆ ನಾನು ಟೀಚರಾಗಿ ಮಕ್ಕಳಿಗೆ ಪ್ರಬಂಧ ಬರೆಸಿದೆ, ಅಲ್ಲಿ ಇಲ್ಲಿ ನಾಲ್ಕು ಸಾಲು ನಾನೂ ಬರೆದೆ. ಬರೆಯುವುದನ್ನು ನನಗೆ ಕಲಿಸಿದ್ದು ಆ ಒಂದು ಮಾತು. ಈಗ ನಾನಿರುವ ಹೂಡಿಯ ಫ್ಲಾಟಿನಲ್ಲಿ ಎದುರು ಮನೆಯ ಹುಡುಗಿ ಗುಲಾಬಿ ಬಣ್ಣದ ಮೆತ್ತನೆ ರಬ್ಬರಿನ ಬಿಲ್ಲೆಗಳನ್ನೂ ಹಿಡಿಕೆಯಿರುವ ಉಳಿಗಳನ್ನೂ ಆನ್‌ಲೈನಿನಲ್ಲಿ ತರಿಸಿ, ಭಾನುವಾರ ನನ್ನ ಹತ್ತಿರ ಬಂದು ಕೂರುತ್ತಾಳೆ. ಸಕ್ಕತ್ ಸಾಮಾನು, ಸುಳ್ಳೇಕೆ ಹೇಳಲಿ. ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಆದರೆ ದಸರೆ ಬಂತೆಂದರೆ ಫೋನಿಗೆ ಸಾಲುಗಟ್ಟಿ ಬೀಳುತ್ತವಲ್ಲ, ಮಿಣಿಮಿಣಿ ಹೊಳೆಯುವ ಬನ್ನಿ ಎಲೆಯ ಚಿತ್ರಗಳು, ಒಬ್ಬರು ಕಳಿಸಿದ್ದನ್ನೇ ಇನ್ನೊಬ್ಬರು ಕಳಿಸಿದ್ದು, ಅವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬನ್ನಿ ಕೊಡುವುದು ಅಂದರೆ ಏನೆಂದು ನಾನು ನೋಡಿದ್ದೇನೆ. ಅದನ್ನೇ ಹೇಳಲು ಹೊರಟಿರುವುದು.

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಮುಡಿಯುತ್ತಾರೆ. ಬನ್ನಿಮರಕ್ಕೆ ಪೂಜೆ ಮಾಡಿ, ಎಲೆ ತಂದು, ಮನೆಮನೆಗೆ ಹೋಗಿ ಕೈಗಿಟ್ಟು 'ಬನ್ನಿ ತಗೊಂಡು ಬಂಗಾರದಂಗ ಇರೂಣು' ಎನ್ನಬೇಕು. ಚಿಕ್ಕವರು ದೊಡ್ಡವರ ಕಾಲು ಮುಟ್ಟಬೇಕು. ಮಾತು ಬಿಟ್ಟವರಿಗೂ ಕೊಡಬೇಕು, ಅವರಿಗೇ ಮೊದಲು ಕೊಡಬೇಕು. ಕೊಟ್ಟ ಬನ್ನಿಯನ್ನು ಬೇಡ ಅನ್ನುವ ಹಾಗಿಲ್ಲ. ತೆಗೆದುಕೊಂಡರೆ ಹಳೆಯ ಜಗಳ ಅಲ್ಲಿಗೆ ಮುಗಿಯಿತು. ಪೀಣ್ಯದಲ್ಲಿ ದಸರೆ ಎಂದರೆ ಆಯುಧಪೂಜೆ. ಯಂತ್ರಗಳಿಗೆ ಬಾಳೆಕಂದು, ಚೆಂಡುಹೂವು, ಬೂಂದಿ ಪೊಟ್ಟಣ, ಗೇಟಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ. ಅಷ್ಟರಲ್ಲೇ ಅವ್ವ ಎಲ್ಲಿಂದಲೋ ಒಂದು ಹಿಡಿ ಬನ್ನಿ ತರಿಸುತ್ತಿದ್ದಳು. ಅಪ್ಪ ಮೊದಲು ಅಣ್ಣನ ಕಾಲು ಮುಟ್ಟುತ್ತಿದ್ದ, ಆಮೇಲೆ ನಮ್ಮೆಲ್ಲರ ಸರದಿ.

ಹೀಗಿರುವಾಗ ಕಾರ್ಖಾನೆಯಲ್ಲಿ ಸ್ಟ್ರೈಕಾಯಿತು. ಅಪ್ಪ ಯೂನಿಯನ್ನಿನಲ್ಲಿ ಮುಂದಾಳು, ಗೇಟಿನ ಮುಂದೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಒಳಗೆ ಒಬ್ಬನೂ ಕಾಲಿಡಬಾರದು ಎಂದು ಎಲ್ಲರೂ ಆಣೆ ಮಾಡಿದ್ದರು. ಮೊದಲ ದಿನವೇ ದೊಡ್ಡಪ್ಪ ಹಿಂದಿನ ಗೇಟಿನಿಂದ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬರುವಾಗ ಜನ ನೋಡಿದರು. ನಿನ್ನ ಅಣ್ಣನೇ ನಮ್ಮನ್ನು ಮಾರಿಬಿಟ್ಟ ಎಂದು ಎಲ್ಲರೂ ಅಪ್ಪನ ಮುಖಕ್ಕೆ ಹೇಳಿದರು. ಅಪ್ಪ ಮನೆಗೆ ಬಂದದ್ದು ಉರಿಯುವ ಕೊಳ್ಳಿಯ ಹಾಗೆ. ದೊಡ್ಡಪ್ಪ ಮಂಚದ ಮೇಲೆ ಕೂತಿದ್ದ. ಯಾಕೆ ಹೋದೆ ಎಂದು ಅಪ್ಪ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಇವತ್ತಿನಿಂದ ನನಗ ಅಣ್ಣ ಇಲ್ಲ! ನಡೀ ಹೊರಗ!"

ಅಂದವನೇ ಬಾಗಿಲ ಬಳಿ ಇದ್ದ ದೊಡ್ಡಪ್ಪನ ಹವಾಯಿ ಚಪ್ಪಲಿಗಳನ್ನು ಎತ್ತಿ ಬೀದಿಗೆ ಎಸೆದ. ಒಂದು ಚರಂಡಿಗೆ ಬಿದ್ದು ನೀರಿನಲ್ಲಿ ಹೋಯಿತು, ಇನ್ನೊಂದು ಹನುಮಕ್ಕನ ಗೋಡೆಗೆ ಬಡಿದು ಬಿತ್ತು. ದೊಡ್ಡಪ್ಪ ಎದ್ದ. ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟ. ಒಂದು ಚೀಲಕ್ಕೆ ಬಟ್ಟೆ ತುರುಕಿಕೊಂಡು, ಉಳಿದ ಒಂಟಿ ಚಪ್ಪಲಿಯ ಕಡೆ ನೋಡದೆ, ಬರಿಗಾಲಿನಲ್ಲಿ ನಡೆದುಹೋದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಕೆ ಗಂಡನಿಗೆ ಎದುರಾಡಬಹುದಿತ್ತು, ಟೊಂಕ ಕಟ್ಟಿ ಜಗಳವಾಡುವುದು ಆಕೆಗೆ ಚೆನ್ನಾಗಿ ಬರುತ್ತಿತ್ತು. ಆದರೆ ಹೋಗಬೇಡಿ ಎಂದು ಭಾವನವರನ್ನು ಕರೆಯಲು ಆಕೆಗೆ ಬಾಯಿರಲಿಲ್ಲ. ಎಂದೂ ಕರೆದವಳಲ್ಲ. ನಾನಾದರೂ ಕರೆಯಬೇಕಿತ್ತು, ಅಳುತ್ತ ನಿಂತೆ. ಆಮೇಲೆ ಅವ್ವ ಬೀದಿಗೆ ಹೋಗಿ ಆ ಒಂಟಿ ಚಪ್ಪಲಿಯನ್ನು ತಂದು, ತೊಳೆದು, ಪೇಪರಿನಲ್ಲಿ ಸುತ್ತಿ ಟ್ರಂಕಿನ ಹಿಂದೆ ಇಟ್ಟಳು.

ಸ್ಟ್ರೈಕು ಮುಗಿಯಿತು, ಅಪ್ಪ ಕೆಲಸಕ್ಕೆ ಹೋದ. ದೊಡ್ಡಪ್ಪ ಊರಿನ ಆ ತುದಿಯಲ್ಲಿ, ಬೊಮ್ಮನಹಳ್ಳಿಯಲ್ಲಿ, ಯಾವುದೋ ಸಣ್ಣ ರಬ್ಬರ್ ಘಟಕ ಸೇರಿದ್ದಾನೆಂದು ಸುದ್ದಿ ಬಂತು. ಮನೆಯಲ್ಲಿ ಅವನ ಹೆಸರು ಎತ್ತುವ ಹಾಗಿರಲಿಲ್ಲ. ಕಿಟಕಿ ಕಟ್ಟೆ ಖಾಲಿ. ಅಪ್ಪ ಲೇತ್ ವಿಭಾಗದವನು, ರಬ್ಬರಿನ ತುಂಡು ತರಬೇಕೆಂದು ಅವನಿಗೆ ಹೊಳೆಯಲೂ ಇಲ್ಲ, ಅವ್ವ ಕೇಳಲೂ ಇಲ್ಲ. ಅವ್ವ ಹಳೆಯ ಅಚ್ಚುಗಳನ್ನೇ ಒತ್ತಿ ಒತ್ತಿ ಜೋಳದ ಕಾಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಆಲೂಗಡ್ಡೆ ಕೊಯ್ದು ನೋಡಿದಳು, ಅದು ಮಾರನೇ ದಿನ ಸುಕ್ಕುಗಟ್ಟಿತು. ನನ್ನ ಅಳಿಸುವ ರಬ್ಬರಿನಲ್ಲಿ ಒಂದು ಇರುವೆಯಷ್ಟೇ ಆಯಿತು. ಮತ್ತೆ ದಸರೆ ಹತ್ತಿರ ಬಂತು. ಶಾಲೆಗೆ ರಜೆ. ನಾನು ಹೊರಗೆ ಆಡಿ ಬರುವಷ್ಟರಲ್ಲಿ ಅವ್ವ ಗೋಡೆಗೆ ಮುಖ ಮಾಡಿ ಕೂತು ಏನೋ ಕೆತ್ತುತ್ತಿದ್ದಳು. ಹತ್ತಿರ ಹೋದರೆ 'ದೂರ ನಿಂದ್ರು' ಎಂದಳು. ಆಮೇಲೆ ಹಸಿರು ಇಂಕಿನಲ್ಲಿ ಒತ್ತಿ ಕರೆದು ತೋರಿಸಿದಳು.

ಬನ್ನಿಯ ಕಡ್ಡಿ! ಸಾಸಿವೆಯಷ್ಟು ಸಣ್ಣ ಎಲೆಗಳು ಎರಡೂ ಕಡೆ ಸಾಲಾಗಿ, ನಡುವೆ ಒಂದೆರಡು ಮುಳ್ಳು. ಅಷ್ಟು ಸಣ್ಣ ಎಲೆಗಳನ್ನು ಬ್ಲೇಡಿನ ತುಂಡಿನಲ್ಲಿ ಹೇಗೆ ಬಿಡಿಸಿದಳೋ! ಇನ್ನೂ ಒಂದು ಸೋಜಿಗವಿತ್ತು. ಕಡ್ಡಿಯ ಎಡಭಾಗದ ಎಲೆಗಳು ದಟ್ಟ ಹಸಿರು, ಬಲಕ್ಕೆ ಹೋಗುತ್ತ ಹೋಗುತ್ತ ತೆಳುವಾಗಿ, ತುದಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು. ಆ ಕಡೆಯಿಂದ ಬಿಸಿಲು ಬಿದ್ದ ಹಾಗೆ ಕಾಣುತ್ತಿತ್ತು. ಎಷ್ಟು ಸಲ ಒತ್ತಿದರೂ ಹಾಗೆಯೇ. ನಾನು ನೋಡುತ್ತ ನಿಂತೆ. ಅವ್ವ ಮಾತ್ರ ಬಲಗಡೆ ಜೋರಾಗಿ ಅದುಮಿ ಅದುಮಿ ಸೋತು, 'ಇರ್ಲಿ ಬಿಡು, ಹಂಗs ಇರ್ಲಿ' ಎಂದಳು. ಸಾಲುಮನೆಗೆಲ್ಲ ಒಂದೊಂದು, ಹನುಮಕ್ಕನಿಗೆ ಒಂದು. ಕೊನೆಯದನ್ನು ನನ್ನ ಮುಂದಿಟ್ಟು, ಕಾರ್ಖಾನೆಯ ಯಾರಿಂದಲೋ ಕೇಳಿ ತಂದಿದ್ದ ಬೊಮ್ಮನಹಳ್ಳಿಯ ವಿಳಾಸ ಕೊಟ್ಟಳು.

"ಏನ್ ಬರೀಲಿ ಅವ್ವಾ?"

"ಬನ್ನಿ ತಗೊಂಡು ಬಂಗಾರದಂಗ ಇರೂಣು ಅಂತ ಬರಿ. ಕೆಳಗ ಎಲ್ಲಾರ ಹೆಸರೂ ಬರಿ."

"ಅಪ್ಪಂದೂ?"

"ಅವರದs ಮೊದಲು ಬರಿ."

ಹಬ್ಬದ ಹಿಂದಿನ ಸಂಜೆ ನಾನೇ ಹೋಗಿ ಕೆಂಪು ಡಬ್ಬಿಗೆ ಹಾಕಿ ಬಂದೆ. ಹಬ್ಬ ಕಳೆದ ಮರುದಿನ ಅಪ್ಪನ ಸೈಕಲ್ ಪಂಕ್ಚರಾಯಿತು. ತೇಪೆ ಹಾಕಲು ಒಂದು ಚೂರು ರಬ್ಬರು ಸಿಕ್ಕೀತೇನೋ ಎಂದು ಟ್ರಂಕಿನ ಹಿಂದೆ ಕೈಯಾಡಿಸಿದ. ಪೇಪರಿನ ಪೊಟ್ಟಣ ಸಿಕ್ಕಿತು. ಬಿಚ್ಚಿದ. ಒಳಗೆ ದೊಡ್ಡಪ್ಪನ ಒಂಟಿ ಚಪ್ಪಲಿ. ಹಿಮ್ಮಡಿಯ ಜಾಗದಲ್ಲಿ ಒಂದು ಚೌಕ ಕೊಯ್ದು ತೆಗೆದಿತ್ತು. ಅಪ್ಪ ಆ ಚಪ್ಪಲಿಯನ್ನು ನೋಡಿದ, ಗೋಡೆಯ ಮೇಲಿದ್ದ ಬನ್ನಿಯ ಕಾರ್ಡನ್ನು ನೋಡಿದ, ಅವ್ವನ ಡಬ್ಬಿ ತೆರೆದು ಹಸಿರು ಇಂಕು ಹತ್ತಿದ ಅಚ್ಚನ್ನು ತೆಗೆದು ಆ ಚೌಕದೊಳಗೆ ಇಟ್ಟ. ಸರಿಯಾಗಿ ಕೂತಿತು. ಇದನ್ನೇ ಒತ್ತಿ ದೊಡ್ಡಪ್ಪನಿಗೂ ಕಳಿಸಿದ್ದೇವೆ ಎಂದು ನಾನು ಬಾಯಿ ತಪ್ಪಿ ಅಂದುಬಿಟ್ಟೆ.

"ಏನಿದು! ಕೆರದಾಗ ಬನ್ನಿ ಕೆತ್ತೀ ಏನು? ನಮ್ಮಣ್ಣಗ ಕೆರಾ ಒತ್ತಿ ಕಳಿಸೀ ಏನು? ನಮ್ಮಣ್ಣ ಏನಂತ ತಿಳ್ಕೊಂಡಾನು?"

ಚಪ್ಪಲಿಯಲ್ಲಿ ಮುಟ್ಟಿಸುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆ ಕಾರ್ಡಿನೊಳಗೆ ಬರೆದವಳು ನಾನೇ. ಆದರೆ ಅವ್ವ ರೊಟ್ಟಿಯ ಹಿಟ್ಟು ನಾದುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು.

"ಯಾರ ಅಣ್ಣ?"

ಅಪ್ಪ ಚಪ್ಪಲಿಯನ್ನು ಕೆಳಗಿಟ್ಟ. ಅವ್ವ ಬಿಡಲಿಲ್ಲ.

"ಅಲ್ಲಾ, ಅಣ್ಣ ಇಲ್ಲಂತ ಬೀದಿಗೆ ಕೇಳೂಹಂಗ ಒದರಿದ್ರಿ. ಈಗ ಯಾರ ಅಣ್ಣ ಅಂತೀನಿ? ನಾ ಏನ್ ಮಾಡ್ಲಿ? ಮನಿಗೆ ರಬ್ಬರ್ ತರೋರು ಮನ್ಯಾಗ ಇಲ್ಲ. ಇದ್ದದ್ದು ನೀವು ಬೀದಿಗೆ ಒಗದ ಚಪ್ಪಲಿ ಒಂದs. ಅದರಾಗs ಕೆತ್ತಿದೆ."

ಗಲಾಟೆ ಕೇಳಿ ಹನುಮಕ್ಕ ಬಂದು ಬಾಗಿಲಲ್ಲಿ ನಿಂತಿದ್ದಳು. ಆಕೆ ತನ್ನ ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟು ಕುಂಕುಮ ಹಚ್ಚಿದ್ದಳೆಂದು ನೆನಪಾಗಿ ನಾನು ಅಡುಗೆಮನೆಯ ಬಾಗಿಲ ಹಿಂದೆ ಸೇರಿಕೊಂಡೆ. ಆಕೆ ಚಪ್ಪಲಿಯನ್ನೂ ಅಚ್ಚನ್ನೂ ನೋಡಿದಳು. ಸ್ವಲ್ಪ ಹೊತ್ತು ಎಲೆ-ಅಡಿಕೆ ಅಗಿದಳು.

"ಯಾರ್ದವ್ವಾ ಈ ಮೆಟ್ಟು?"

"ನಮ್ಮ ಭಾವನೋರದು."

"ಮನೆಗ್ ದೊಡ್ಡೋನ ಪಾದ ಸವೆಸಿದ್ದು. ನಾನಂತೂ ಗೂಡಿಂದ ತೆಗೆಯಾಕಿಲ್ಲಪ್ಪ. ಆದ್ರೆ ನಿಮ್ಮಣ್ಣ ಏನ್ ಅಂದ್ಕಂಡ್ನೋ, ಅದು ನಂಗೊತ್ತಿಲ್ಲ. ಇಲ್ಲಿ ಎಂಡ್ರು ಮ್ಯಾಲೆ ಎಗರಾಡಿದ್ರೆ ಏನ್ ಬಂತು? ಓಗಿ ಅವ್ನ್ನೇ ಕೇಳು."

ಅಪ್ಪ ಕೇಳಲು ಹೋಗಲಿಲ್ಲ. ಮೊದಲು ಪೋಸ್ಟಿನ ಡಬ್ಬಿಯ ಹತ್ತಿರ ಓಡಿದ. ಹಬ್ಬದ ರಜೆಯಲ್ಲಿ ಡಬ್ಬಿ ತೆಗೆದಿರಲಿಕ್ಕಿಲ್ಲ ಎಂಬ ಆಸೆ. ಡಬ್ಬಿ ಬೆಳಿಗ್ಗೆಯೇ ಖಾಲಿಯಾಗಿತ್ತು. ಆ ದಿನವೆಲ್ಲ ಅಪ್ಪ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯ ಒಳಗೆ ಹೊರಗೆ ತಿರುಗಿದ. ಭಾನುವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ನನ್ನ ಕೈ ಹಿಡಿದ.

"ಆ ಕಾರ್ಡ್ ವಾಪಸ್ ಇಸ್ಕೊಂಡು ಬರಾಕ ಹೊಂಟೇನಿ. ಮಾತಾಡ್ಸಾಕ ಅಲ್ಲ."

"ಯಾರು ಏನಂದ್ರೀಗ?" ಎಂದಳು ಅವ್ವ. "ಹುಣ್ಣಿವಿತನಕಾ ಬನ್ನಿ ನಡೀತೈತಿ. ಹೋಗಿ ಬರ್ರಿ."

ಹುಣ್ಣಿಮೆಯ ತನಕ ಎಂಬುದು ಊರಿನ ಪದ್ಧತಿಯೋ ಅವ್ವನೇ ಆಗ ಹುಟ್ಟಿಸಿದ ಕಾಯಿದೆಯೋ ನನಗೆ ಈಗಲೂ ಗೊತ್ತಿಲ್ಲ. ಪೀಣ್ಯದಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು. ಬಸ್ಸಿನ ಮೂತಿಗೆ ಕಟ್ಟಿದ್ದ ಬಾಳೆಕಂದು ಬಾಡಿ ಜೋತುಬಿದ್ದಿತ್ತು. ದಾರಿಯುದ್ದಕ್ಕೂ ಒಡೆದ ಕುಂಬಳಕಾಯಿಯ ಹೋಳುಗಳು. ಅಪ್ಪ ಕಿಟಕಿಯಾಚೆ ನೋಡುತ್ತಲೇ ನನಗೆ ಪಾಠ ಹೇಳಿಕೊಡುತ್ತಿದ್ದ. 'ಅವ್ವಗ ಗೊತ್ತಾಗಲಿಲ್ಲ, ತಪ್ಪಾತು, ಕಾರ್ಡ್ ಕೊಡು ಅಂತ ನೀನs ಹೇಳು, ಏನು?' ಆಗ ನನಗೆ ಹೊಳೆಯಿತು. ಅವ್ವನ ಹಾಗೆ ಈಗ ಅಪ್ಪನೂ ನನ್ನ ಬಾಯಿಂದ ಮಾತಾಡಲು ಹೊರಟಿದ್ದ.

ಹೊಸೂರು ರಸ್ತೆಯ ಗದ್ದಲ ದಾಟಿ, ಹೊಲಿಗೆ ಯಂತ್ರ ರಿಪೇರಿ ಮಾಡುವ ಒಂದು ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದೆವು. ಬಾಗಿಲು ತೆರೆದೇ ಇತ್ತು. ದೊಡ್ಡಪ್ಪ ಸ್ಟೋವಿನ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದ. ಅದು ರೊಟ್ಟಿಯೇ ಎಂದು ಗುರುತಿಸಬೇಕಾದರೆ ಕಷ್ಟಪಡಬೇಕಿತ್ತು. ನಮ್ಮನ್ನು ನೋಡಿ ಎದ್ದ, ಕೈಯಲ್ಲಿದ್ದ ಹಿಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ನಿಂತ. ಅವನ ಹಿಂದೆ ವಿಭೂತಿ ಗಟ್ಟಿಯ ಪಕ್ಕದಲ್ಲಿ, ಗೋಡೆಗೆ ಒರಗಿಸಿಟ್ಟ ನಮ್ಮ ಕಾರ್ಡು. ಅಪ್ಪ ಅದನ್ನು ನೋಡಿ ನನ್ನ ಬೆನ್ನಿಗೆ ತಿವಿದ. ನಾನು ಕಲಿತ ಪಾಠ ಒಪ್ಪಿಸಿದೆ.

"ದೊಡ್ಡಪ್ಪಾ, ಅವ್ವಗ ಗೊತ್ತಾಗಲಿಲ್ಲಂತ. ತಪ್ಪಾತಂತ. ಕಾರ್ಡ್ ವಾಪಸ್ ಕೊಡಬೇಕಂತ."

ದೊಡ್ಡಪ್ಪ ಕೈ ತೊಳೆದುಕೊಂಡು ಬಂದು ಕಾರ್ಡನ್ನು ಎತ್ತಿಕೊಂಡ. ಹೆಬ್ಬೆರಳನ್ನು ಆ ಎಲೆಗಳ ಮೇಲೆ ಎಡದಿಂದ ಬಲಕ್ಕೆ ಎಳೆದ, ಮಸುಕಾದ ಕಡೆ ನಿಲ್ಲಿಸಿದ.

"ನನ್ನ ಚಪ್ಪಲಿ ಇದು. ಬಲಗಾಲಿಂದು. ನಾ ಹಿಮ್ಮಡಿ ಓರಿ ಮಾಡಿ ನಡೀತೇನಿ ನೋಡವ್ವಾ, ಈ ಕಡೆ ಸವೀತಿತ್ತು. ರಬ್ಬರಿನಾಗs ಜಲ್ಮ ಕಳದೇನಿ, ನನಗ ಗೊತ್ತಾಗಂಗಿಲ್ಲೇನು?"

ಅಪ್ಪ ತಲೆ ತಗ್ಗಿಸಿದ. ಇನ್ನು ಬೈಗುಳ ಬರುತ್ತದೆ, ಬರಲಿ, ಎಂದು ಕಾಯುವವನ ಹಾಗೆ ನಿಂತ.

"ಮೊದಲು ಸಿಟ್ಟು ಬಂತು," ಎಂದ ದೊಡ್ಡಪ್ಪ. "ಆಮ್ಯಾಲ ತಿಳೀತು. ಮನ್ಯಾಗ ರಬ್ಬರ್ ಖಾಲಿ ಆಗೇತಿ."

ಹಾಗೆಂದು ಮೂಲೆಯಲ್ಲಿದ್ದ ಒಂದು ಗೋಣಿಚೀಲವನ್ನು ಎಳೆದು ನನ್ನ ಮುಂದೆ ಬಿಚ್ಚಿದ. ಒಳಗೆ ರಬ್ಬರಿನ ತುಂಡುಗಳು. ಕಪ್ಪು, ಬೂದು, ಕೆಂಪು. ಎಲ್ಲ ಅಂಗೈಯಗಲ, ಎಲ್ಲವುಗಳ ಅಂಚೂ ನೀಟಾಗಿ ಕತ್ತರಿಸಿದ್ದು, ಒಂದರ ಮೇಲೊಂದು ಜೋಡಿಸಿದ್ದು. ಮನೆ ಬಿಟ್ಟ ದಿನದಿಂದ ಹೊಸ ಕಾರ್ಖಾನೆಯಲ್ಲೂ ಆತ ಕೇಳಿ ತರುತ್ತಲೇ ಇದ್ದ! ಕೊಡಲು ಯಾರೂ ಇಲ್ಲದಿದ್ದರೂ ತರುತ್ತಲೇ ಇದ್ದ. ನಾನು ಚೀಲದೊಳಗೆ ಎರಡೂ ಕೈ ಹಾಕಿದೆ. ಜೋಳದ ತೆನೆ ಹುಟ್ಟಿದ ಮಧ್ಯಾಹ್ನ ನನಗೆ ಹೇಗಾಗಿತ್ತೋ ಹಾಗೇ ಆಯಿತು.

"ಇಲ್ಲಿ ಕಿಟಕಿಗೆ ಕಟ್ಟಿ ಇಲ್ಲ," ಎಂದ ದೊಡ್ಡಪ್ಪ, ತಪ್ಪು ಮಾಡಿದವನ ಹಾಗೆ. "ಅದಕ್ಕ ಚೀಲದಾಗ ಇಟ್ಟೆ."

ಅಪ್ಪ ಆಗ ಮೊದಲ ಸಲ ತನ್ನ ಬಾಯಿಂದಲೇ ಮಾತಾಡಿದ.

"ಅಣ್ಣಾ, ಅವತ್ತು ಯಾಕ ಒಳಗ ಹ್ವಾದಿ?"

"ವಾಷರ್ ಒತ್ತೂ ಅಚ್ಚಿನಾಗ ಮಾಲು ಇತ್ತಪ್ಪಾ. ಪ್ರೆಸ್ಸಿನ ಕಾವು ಆರಿಸಿರಲಿಲ್ಲ. ಹಂಗs ಬಿಟ್ರ ಒಳಗ ಸುಟ್ಟು ಕಲ್ಲಾಗತಿತ್ತು, ಅಚ್ಚs ಹೋಗತಿತ್ತು. ಸ್ಟ್ರೈಕ್ ಇವತ್ತಿಲ್ಲ ನಾಳೆ ಮುಗಿಯೂದs. ಮುಗದ ಮ್ಯಾಲ ನೀವೆಲ್ಲಾ ಯಾವುದರ ಮ್ಯಾಲ ಕೆಲಸಾ ಮಾಡ್ತಿದ್ರಿ? ಮಾಲು ತಗದು, ಕಾವು ಆರಿಸಿ ಬಂದೆ."

ಅಪ್ಪ ಕೆಳಗೆ ಬಿದ್ದ. ಬಾಗಿದ್ದಲ್ಲ, ಬಿದ್ದ. ದೊಡ್ಡಪ್ಪನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ. ನನ್ನ ಅಪ್ಪ ಅಳಬಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಅವನ ತಲೆ ಸವರುತ್ತ 'ಏಳೋ, ಬನ್ನಿ ತಗೊಂಡೇನಲ್ಲ, ಮುಗೀತು, ಏಳು' ಎನ್ನುತ್ತಿದ್ದ. ಸ್ಟೋವಿನ ಮೇಲೆ ರೊಟ್ಟಿ ಸೀದು ಹೊಗೆಯಾಡಿತು. ಅದನ್ನು ತೆಗೆದಿಟ್ಟವಳು ನಾನು.

ಸಾಯಂಕಾಲ ನಾವು ಮೂವರೂ ರಾಜಗೋಪಾಲನಗರದ ತಿರುವಿನಲ್ಲಿ ಇಳಿದೆವು. ಅಪ್ಪನ ಹೆಗಲ ಮೇಲೆ ರಬ್ಬರಿನ ಗೋಣಿಚೀಲ, ನನ್ನ ಕೈಯಲ್ಲಿ ಕಾರ್ಡು, ದೊಡ್ಡಪ್ಪನ ಕಂಕುಳಲ್ಲಿ ಹಾಸಿಗೆಯ ಸುರುಳಿ. ಹನುಮಕ್ಕ ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದವಳು ನಮ್ಮನ್ನು ಕಂಡು 'ಬಂದ್ಯೇನಪ್ಪಾ' ಎಂದಳು. ಅವ್ವ ಬಾಗಿಲಿಗೆ ಬಂದಳು. ಅಭ್ಯಾಸದಂತೆ ಸೆರಗು ಎಳೆದುಕೊಂಡಳು, ಅಭ್ಯಾಸದಂತೆ ನನ್ನ ಕಡೆ ತಿರುಗಿ 'ನೀಲೀ...' ಎಂದಳು. ಆಮೇಲೆ ನಿಲ್ಲಿಸಿ, ದೊಡ್ಡಪ್ಪನ ಮುಖವನ್ನೇ ನೋಡಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ನೇರವಾಗಿ ಹೇಳಿದಳು.

"ಕೈಕಾಲು ತೊಳ್ಕೊಂಡು ಬರ್ರಿ. ರೊಟ್ಟಿ ಬಿಸಿ ಅದಾವ."

ದೊಡ್ಡಪ್ಪ 'ಹೂನವ್ವಾ' ಎಂದ. ಚಪ್ಪಲಿ ಬಿಟ್ಟು ಬಚ್ಚಲಿಗೆ ಹೋದ. ಹೊಸ ಚಪ್ಪಲಿ, ನೀಲಿ ಪಟ್ಟಿಯದು, ಆಗಲೇ ಬಲಗಾಲಿನ ಹಿಮ್ಮಡಿ ಒಂದು ಕಡೆ ಸವೆಯತೊಡಗಿತ್ತು. ಅಪ್ಪ ಅವನ್ನು ನೋಡುತ್ತ ನಿಂತ. ಆಮೇಲೆ ಬಗ್ಗಿ, ಎರಡನ್ನೂ ಎರಡೂ ಕೈಯಲ್ಲಿ ಎತ್ತಿಕೊಂಡು, ಹೊಸ್ತಿಲು ದಾಟಿ ಒಳಗೆ ಬಂದ. ಕಿಟಕಿಯ ಕೆಳಗೆ ಖಾಲಿಯಿದ್ದ ಮಂಚದ ಹತ್ತಿರ ಜೋಡಿಸಿಟ್ಟ.

"ಅಯ್ಯ ಶಿವನ, ಚಪ್ಪಲಿ ಯಾರಾರ ಒಳಗ ತರ್ತಾರೇನ್ರಿ! ಹೊರಗ ಇಡ್ರಿ," ಎಂದಳು ಅವ್ವ.

ಅಪ್ಪ ತಲೆ ಎತ್ತಲಿಲ್ಲ.

"ಇಲ್ಲೇ ಇರ್ಲಿ ಬಿಡು. ಹೊರಗ ಇಟ್ರ ನಾ ಬೀದಿಗೆ ಒಗೀತೇನಿ, ಇಲ್ಲಾಂದ್ರ ನೀ ಕೊಯ್ತಿ."